ಕಿಸೆಯಲ್ಲಿನ ಫೀಜು

ಮೆಹಬೂಬಿ ಚಾಚಿಯ ಅಡುಗೆಮನೆಯಲ್ಲಿ ಮಿಕ್ಸರ್ ಹಚ್ಚುವ ಪ್ಲಗ್ ಸುಟ್ಟು ಕರ್ರಗಾಗಿತ್ತು. ನನ್ನ ಕಣ್ಣು ಮೊದಲು ಹೋದದ್ದು ಮಾತ್ರ ಪ್ಲಗ್ಗಿನ ಕಡೆಗಲ್ಲ, ಬೋರ್ಡಿನ ನಾಲ್ಕು ಮೂಲೆಯ ಸ್ಕ್ರೂಗಳ ಕಡೆಗೆ. ನಾಲ್ಕರಲ್ಲಿ ಮೂರು ಸೊಟ್ಟಗಿದ್ದವು.

ಹೇಳಿದರೆ ನಗುತ್ತೀರಿ. ಬೋರ್ಡು ಮುಚ್ಚಿದ ಮೇಲೆ ಪ್ರತಿ ಸ್ಕ್ರೂವಿನ ತಲೆಯ ಗೀರು ನೆಟ್ಟಗೆ, ಮೇಲಿಂದ ಕೆಳಕ್ಕೆ ನಿಲ್ಲಬೇಕು; ಹಾಗೆ ನಿಲ್ಲಿಸದೆ ನಾನು ಚೀಲ ಹೆಗಲಿಗೇರಿಸುವವಳಲ್ಲ. ಐಟಿಐಯಲ್ಲಿ ನಮ್ಮ ಸರ್ ಹಚ್ಚಿದ ರೂಢಿ. ಕರೆಂಟಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ, ನೋಡಲು ಚೆಂದ, ಅಷ್ಟೇ. ಆದರೆ ನನ್ನಂಥ ಸಂಶಯದ ಹೆಂಗಸಿಗೆ ಅದು ಒಂದು ಬೀಗವೂ ಹೌದು. ನಾನು ಮುಚ್ಚಿದ್ದನ್ನು ನನ್ನ ಹಿಂದೆ ಯಾರಾದರೂ ತೆಗೆದರೆ ಗೊತ್ತಾಗಿಬಿಡುತ್ತದೆ.

"ಚಾಚಿ, ಈ ಬೋರ್ಡು ಯಾರು ತಗದಿದ್ರು?"

"ಯಾರು ತಗೀತಾರವ್ವ? ನೀನ ಹಚ್ಚಿದ್ದಿ, ನೀನ ನೋಡು. ನಿನ್ನೆ ಮಸಾಲಿ ರುಬ್ಬಾಕ ಹತ್ತಿದ್ದೆ, ಚಟ್ ಅಂತು, ಹೊಗಿ ಬಂತು. ನನ್ನ ಎದಿನ ಒಡೀತು."

"ಕಳಕೇಶ ಏನರ ಬಂದಿದ್ನಾ?"

"ಬಂದಿದ್ನಲ್ಲ, ಸೋಮವಾರ. ಏಣಿ ಬಿಟ್ಟು ಹೋಗಿದ್ರಿ, ಅದನ್ನ ಒಯ್ಯಾಕ ಬಂದಿದ್ದ. ಇಲ್ಲೇ ಅಡಗಿಮನಿ ಬಾಗಲದಾಗ ನಿಂತು ಚಾ ಕುಡದು ಹೋದ."

ಏಣಿ ಒಯ್ಯಲು ಬಂದ ನಮ್ಮ ಅಂಗಡಿಯ ಹುಡುಗನಿಗೆ ಅಡುಗೆಮನೆಯ ಬಾಗಿಲಲ್ಲೇನು ಕೆಲಸ? ನಾನು ಬೋರ್ಡು ಬಿಚ್ಚಿದೆ. ಪ್ಲಗ್ಗಿನ ಹಿಂದೆ ತಂತಿ ಹಿಡಿದಿಡುವ ಸಣ್ಣ ಸ್ಕ್ರೂ ನಾನು ಬಿಗಿದಷ್ಟೇ ಬಿಗಿಯಾಗಿತ್ತು. ತಂತಿ ಮಾತ್ರ ಅರ್ಧ ಹೊರಗೆ ಜಾರಿ, ನಾಲ್ಕೈದು ಎಳೆ ಒಳಗೆ ಉಳಿದಿತ್ತು. ಅಷ್ಟು ಎಳೆಯ ಮೇಲೆ ಮಿಕ್ಸರಿನ ಭಾರ ಬಿದ್ದರೆ ಸುಡದೆ ಇನ್ನೇನಾಗುತ್ತದೆ? ತಂತಿ ತಾನಾಗಿ ಹೊರಗೆ ಬರುವುದಿಲ್ಲ. ಯಾರೋ ಎಳೆದಿದ್ದರು.

ಎರಡು ತಿಂಗಳಲ್ಲಿ ಇದು ಮೂರನೆಯದು. ಮೊದಲು ಲಕ್ಷ್ಮೇಶ್ವರದ ಒಂದು ಬಟ್ಟೆ ಅಂಗಡಿ, ಆಮೇಲೆ ಹುಲಕೋಟಿಯಲ್ಲಿ ಒಂದು ಮನೆ. ಮೂರೂ ನಾನು ಹಚ್ಚಿದ ಬೋರ್ಡುಗಳು, ಮೂರರಲ್ಲೂ ಗೀರು ಸೊಟ್ಟ.

ನಾನು ಅನ್ನಪೂರ್ಣ, ಮಲ್ಲಸಮುದ್ರದವಳು. ಬೆಟಗೇರಿಯಲ್ಲಿ ಗುತ್ತಿಗೆದಾರ ಪುಂಡಲೀಕಪ್ಪ ಕಾಕಾನ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತೇನೆ. ಚೂಡಿದಾರದ ಮೇಲೆ ಕಿಸೆಯಿರುವ ಗಂಡಸರ ಅಂಗಿ ತೊಟ್ಟು, ಏಣಿ ಹೊತ್ತು ಹೊಸ ಮನೆಯ ಬಾಗಿಲಲ್ಲಿ ನಿಂತರೆ, ಮನೆಯವರು ನನ್ನ ಬೆನ್ನ ಹಿಂದೆ ಇಣುಕಿ "ಕರೆಂಟಿನವ ಎಲ್ಲಿ?" ಎಂದು ಕೇಳುತ್ತಾರೆ. ಮೊದಲೆಲ್ಲ ನಗುತ್ತಿದ್ದೆ. ಈಗ "ಅವ ಬರೂದಿಲ್ಲ, ಮೀಟರ್ ತೋರಸ್ರಿ" ಅನ್ನುತ್ತೇನೆ.

ನನಗೆ ಬೇಕಾದದ್ದು ಒಂದೇ, ವೈರ್‌ಮನ್ ಪರ್ಮಿಟ್. ಅದಿಲ್ಲದೆ ನನ್ನ ಹೆಸರಿನಲ್ಲಿ ಒಂದು ಮನೆಯ ಕೆಲಸವನ್ನೂ ಹಿಡಿಯುವಂತಿಲ್ಲ. ಮುದುಕಿಯಾದರೂ ಪುಂಡಲೀಕಪ್ಪನ ಅಂಗಡಿಯ ಹುಡುಗಿಯೇ. ಪರೀಕ್ಷೆಗೆ ಅರ್ಜಿ ಹಾಕಬೇಕಾದರೆ, ಇಷ್ಟು ವರ್ಷ ತನ್ನ ಕೈಕೆಳಗೆ ಕೆಲಸ ಮಾಡಿದ್ದಾಳೆಂದು ಲೈಸೆನ್ಸ್ ಇದ್ದ ಗುತ್ತಿಗೆದಾರ ಪತ್ರ ಬರೆದು ಸಹಿ ಮಾಡಬೇಕು. ಅರ್ಜಿಗೆ ಕೊನೆಯ ದಿನ ದೀಪಾವಳಿಗೆ ಮೊದಲು.

ಮೂರನೆಯ ಪ್ಲಗ್ ಸುಟ್ಟ ಸುದ್ದಿ ಕೇಳಿ ಕಾಕಾ ಮೋಟಾರಿಗೆ ತಂತಿ ಸುತ್ತುತ್ತಿದ್ದ ಕೈ ನಿಲ್ಲಿಸಲೂ ಇಲ್ಲ.

"ಬರೀತೀನವ್ವ, ಬರ್ಯಾಂಗಿಲ್ಲ ಅಂದಿಲ್ಲ. ಆದ್ರ ಮೂರು ಕಡೆ ಸುಟ್ಟೈತಿ. ನಾಳೆ ಯಾರಿಗರ ಶಾಕ್ ಹೊಡದ್ರ? ಪತ್ರದಾಗ ಸಹಿ ನಂದು ಇರತೈತಿ. ಒಂದೀಟು ತಡಿ, ನೋಡೋಣು."

ಪತ್ರ ಕೇಳಿದವಳು ನಾನೊಬ್ಬಳೇ ಆಗಿರಲಿಲ್ಲ. ಕಳಕೇಶನೂ ಕೇಳಿದ್ದ. ಕಳಕೇಶ ನನಗಿಂತ ಮೂರು ವರ್ಷ ಚಿಕ್ಕವನು, ಕೆಲಸದಲ್ಲಿ ನನ್ನ ಜೊತೆಗಾರ. ಅವನ ಬೋರ್ಡುಗಳು ಸುಟ್ಟಿರಲಿಲ್ಲ.

ಅವನ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊಸ ಮನೆಗಳಲ್ಲಿ ಈಗ ಗುಂಡಿ ಒತ್ತಿದರೆ ಬಂದಾಗುವ ಮೇನ್ ಇರುತ್ತದೆ. ಕಾಕಾನಿಗೆ ಅದರ ಮೇಲೆ ನಂಬಿಕೆಯಿಲ್ಲ, ಯಾರಾದರೂ ತಿಳಿಯದೆ ಎತ್ತಿಬಿಟ್ಟರೆ ಮುಗಿಯಿತು. ಹಾಗಾಗಿ ನಮ್ಮ ಅಂಗಡಿಯ ಪದ್ಧತಿಯೇ ಬೇರೆ. ಮೀಟರಿನ ಪಕ್ಕದ ಫೀಜು, ಅಂದರೆ ಫ್ಯೂಸಿನ ಕಟ್ಟು, ಕಿತ್ತು ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಒಬ್ಬರು ಏಣಿಯ ಮೇಲೆ, ಒಬ್ಬರು ಕೆಳಗೆ, ಕೆಳಗಿದ್ದವರ ಕಿಸೆಯಲ್ಲಿ ಫೀಜು. ಫೀಜು ಕಿತ್ತ ಮೇಲೂ ಟೆಸ್ಟರ್ ಹಚ್ಚಿ, ಅದರ ದೀಪ ಹತ್ತಲಿಲ್ಲವೆಂದು ನೋಡಿಯೇ ತಂತಿ ಮುಟ್ಟಬೇಕು ಎಂಬುದು ಪುಸ್ತಕದ ನಿಯಮ. ನಾನು ಬೇರೆ ಯಾರ ಜೊತೆ ಕೆಲಸ ಮಾಡಿದರೂ ಹಚ್ಚಿಯೇ ನೋಡುತ್ತೇನೆ. ಆದರೆ ಕಳಕೇಶ ಕೆಳಗೆ ನಿಂತು "ಅಕ್ಕಾ, ಫೀಜು ನನ್ನ ಕಿಸೇದಾಗ ಐತಿ" ಅಂದರೆ ಸಾಕು, ಬರಿಗೈಯಲ್ಲಿ ತಂತಿ ಹಿಡಿಯುತ್ತಿದ್ದೆ. ಅವನೂ ಹಾಗೆಯೇ. ನಾಲ್ಕು ವರ್ಷ ಒಬ್ಬರ ಜೀವ ಒಬ್ಬರ ಕಿಸೆಯಲ್ಲಿತ್ತು. ತಪ್ಪು ಪದ್ಧತಿ, ಒಪ್ಪುತ್ತೇನೆ. ಆದರೂ ಅದರಲ್ಲಿ ಒಂದು ಸುಖವಿತ್ತು.

ಸಂಶಯ ಒಮ್ಮೆ ಹೊಕ್ಕಿತೆಂದರೆ ಎಲ್ಲಕ್ಕೂ ಅರ್ಥ ಬರತೊಡಗುತ್ತದೆ. ಹುಲಕೋಟಿಯ ಮನೆಗೆ ನನ್ನ ನಂತರ ಫ್ಯಾನ್ ಹಚ್ಚಲು ಹೋದವನು ಯಾರು? ಕಳಕೇಶ. ಲಕ್ಷ್ಮೇಶ್ವರದ ಅಂಗಡಿ ಸುಟ್ಟ ಸುದ್ದಿ ಕೇಳಿ "ಅಕ್ಕಾ, ನಿನ್ನ ಮ್ಯಾಲ ಯಾವ ಗ್ರಹ ಕುಂತೈತಿ?" ಎಂದು ನಕ್ಕವನು ಯಾರು? ಅವನೇ. ನಾಳೆ ಎಲ್ಲಿ ಕೆಲಸ ಎಂದು ದಿನಾ ಕೇಳುವವನು? ಅವನೇ. ದಿನಾ ಕೇಳುತ್ತಿದ್ದ, ನಾಲ್ಕು ವರ್ಷದಿಂದ ಕೇಳುತ್ತಿದ್ದ, ಅದು ನನಗೆ ಆಗ ನೆನಪಾಗಲಿಲ್ಲ.

ಅವ್ವ ಅಮೃತವ್ವನ ಮುಂದೆ ಹೇಳಿಕೊಂಡೆ. ಜ್ವಾಳ ಹಸನು ಮಾಡುತ್ತ ಕೂತಿದ್ದವಳು ತಲೆಯೆತ್ತಿದಳು.

"ಆ ಹುಡುಗ ನಮ್ಮ ಮನ್ಯಾಗ ಉಂಡು ಹೋಗಾಂವ. ಕಣ್ಣಿಲೆ ನೋಡೀಯೇನು?"

"ಕಣ್ಣಿಲೆ ನೋಡಾಕ ಕರೆಂಟ್ ಏನರ ಕಾಣ್ತೈತೇನಬೇ? ಸುಟ್ಟ ಮ್ಯಾಲನ ಗೊತ್ತಾಗೂದು."

"ಹಂಗಾರ ನಿನಗೂ ಗೊತ್ತಿಲ್ಲ ಅಂದಂಗಾತು," ಎಂದು ಅವ್ವ ಮತ್ತೆ ಮೊರದಲ್ಲಿನ ಜ್ವಾಳಕ್ಕೆ ತಲೆಬಾಗಿದಳು. ನನಗೆ ಸಿಟ್ಟು ಬಂತು. ಅವ್ವನ ಮಾತು ಸರಿಯಿದ್ದಾಗ ನನಗೆ ಯಾವಾಗಲೂ ಸಿಟ್ಟೇ ಬರುತ್ತದೆ.

ಮರುದಿನ ಶಿರಹಟ್ಟಿಯಲ್ಲಿ ಒಂದು ಮನೆಯ ಕೆಲಸ. ಬಸ್ಸಿನಲ್ಲಿ ಕಳಕೇಶ ಏನೇನೋ ಮಾತಾಡುತ್ತಿದ್ದ, ನಾನು ಕಿಟಕಿ ನೋಡುತ್ತಿದ್ದೆ. ಅಲ್ಲಿ ನಾನು ಏಣಿ ಹತ್ತಿದೆ. ಅವನು ಮೀಟರ್ ಕಡೆ ಹೋಗಿ ಬಂದು ಎಂದಿನಂತೆ ಹೇಳಿದ.

"ಅಕ್ಕಾ, ಫೀಜು ನನ್ನ ಕಿಸೇದಾಗ ಐತಿ."

ನನ್ನ ಕೈ ತಂತಿಯ ಹತ್ತಿರ ಹೋಗಿ ನಿಂತಿತು. ಇವನು ನನ್ನ ಬೋರ್ಡು ಬಿಚ್ಚಿ ತಂತಿ ಎಳೆಯುವವನಾದರೆ, ಇವನ ಕಿಸೆಯಲ್ಲಿ ಫೀಜು ಇದೆ ಎಂದು ಹೇಗೆ ನಂಬಲಿ? ಟೆಸ್ಟರ್ ತೆಗೆದು ಹಚ್ಚಿದೆ. ದೀಪ ಹತ್ತಲಿಲ್ಲ.

"ಫೀಜು ನನ್ನ ಕಡೆ ಐತಿ ಅಂದೆನಲ್ಲ ಅಕ್ಕಾ?"

"ಕೇಳಿಸ್ತು," ಅಂದೆ.

ಅವನು ಕಿಸೆಯಿಂದ ಫೀಜು ತೆಗೆದು ಅಂಗೈ ಮೇಲಿಟ್ಟು ನನಗೆ ಕಾಣುವಂತೆ ಮೇಲೆತ್ತಿ ಹಿಡಿದ. ನಾನು ನೋಡಿಯೂ ನೋಡದವಳಂತೆ ಕೆಲಸಕ್ಕೆ ತಿರುಗಿದೆ. ಸಂಜೆಯವರೆಗೆ ಅವನು ಮಾತಾಡಲಿಲ್ಲ. ಗುಟ್ಟು ಗೊತ್ತಾಯಿತೆಂದು ಹೆದರಿದ್ದಾನೆ ಅಂದುಕೊಂಡೆ. ಅಂಥ ತಲೆ ನನ್ನದು.

ಮಾರನೆಯ ಬೆಳಿಗ್ಗೆ ಅಂಗಡಿಯಲ್ಲಿ ಚಹಾ ಬಂದಿತ್ತು. ಕಾಕಾ, ಕಳಕೇಶ, ನಾನು, ಮೂವರೇ. ನನಗೆ ತಡೆಯಲಾಗಲಿಲ್ಲ.

"ಕಾಕಾ, ನನ್ನ ಬೋರ್ಡು ತಾವ ಸುಡಾಕ ಹತ್ತಿಲ್ಲ. ನಾ ಹ್ವಾದ ಮ್ಯಾಲ ಯಾರೋ ಬಿಚ್ಚತಾರ, ತಂತಿ ಎಳೀತಾರ. ಗೀರು ನೋಡಿ ಹೇಳಾಕ ಹತ್ತೀನಿ. ಮೆಹಬೂಬಿ ಚಾಚಿ ಮನಿಗೆ ನನ್ನ ಹಿಂದ ಹೋಗಿದ್ದು ಈ ಕಳಕೇಶ. ಹುಲಕೋಟಿಗೂ ಇವನ. ಪತ್ರ ಇವಗೂ ಬೇಕಾಗೇತಿ."

ಕಳಕೇಶ ಚಹಾದ ಲೋಟ ಕೆಳಗಿಟ್ಟ. ನನ್ನನ್ನು ನೋಡಲಿಲ್ಲ, ಕಾಕಾನನ್ನು ನೋಡಿದ. ಕಾಕಾ ಏನಾದರೂ ಅನ್ನುತ್ತಾರೆಂದು ನಾನೂ ಅವರನ್ನೇ ನೋಡಿದೆ. ಕಾಕಾನ ಬಾಯಿ ತೆರೆಯಿತು, ಹಾಗೇ ಮುಚ್ಚಿತು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದರು.

"ನೀವೂ ಹಂಗ ಅಂತೀರೇನು, ಕಾಕಾ?" ಎಂದು ಕಳಕೇಶ ಕೇಳಿದ.

"ನಾ ಏನೂ ಅಂದಿಲ್ಲಪಾ."

"ಅನ್ನಾಂಗಿಲ್ಲ ಅಂದ್ರ ಅಂದಂಗ ಆತು." ಅವನು ಎದ್ದ. ನನ್ನ ಕಡೆ ತಿರುಗಿದ. "ಅಕ್ಕಾ, ನಿನ್ನಿ ಟೆಸ್ಟರ್ ಹಚ್ಚಿದಾಗನ ಕೇಳಬೇಕಿತ್ತು ನಾ. ನಂಬಿಗಿ ಇಲ್ಲದ ಕಡೆ ಏಣಿ ಹತ್ತೂದು ಬರೋಬ್ಬರಿ ಅಲ್ಲ."

ಸಾಮಾನಿನ ಚೀಲವನ್ನೂ ಎತ್ತಿಕೊಳ್ಳದೆ ಹೊರಟುಹೋದ. ಮುಂಡರಗಿಯಲ್ಲಿ ಅವನ ಅಕ್ಕನ ಗಂಡನಿಗೆ ಎಲೆಕ್ಟ್ರಿಕ್ ಅಂಗಡಿಯಿದೆ, ಅಲ್ಲಿ ಕೆಲಸಕ್ಕೆ ನಿಂತನೆಂದು ಆಮೇಲೆ ಖಬರ ಬಂತು. ತಪ್ಪು ಮಾಡದವನು ಓಡಿಹೋಗುತ್ತಾನೆಯೇ? ಎಂಟು ದಿನ ನಾನು ಇದೇ ಪ್ರಶ್ನೆಯ ಮೇಲೆ ಹಾಯಾಗಿ ನಿದ್ದೆ ಮಾಡಿದೆ.

ಅಷ್ಟರಲ್ಲಿ ಮಹಾನವಮಿ ಬಂತು. ನವಮಿಯ ಹಿಂದಿನ ದಿನ ಮೆಹಬೂಬಿ ಚಾಚಿಯ ಅದೇ ಬೋರ್ಡಿಗೆ ಫ್ರಿಜ್ಜಿನ ಒಂದು ಪ್ಲಗ್ ಸೇರಿಸಿ, ಎಲ್ಲ ತಂತಿ ಹೊಸದಾಗಿ ಬಿಗಿದು, ನಾಲ್ಕೂ ಗೀರು ನೆಟ್ಟಗೆ ನಿಲ್ಲಿಸಿ ಬಂದೆ. ಇನ್ನು ಯಾರು ಬಿಚ್ಚುತ್ತಾರೋ ನೋಡೋಣ ಅಂದುಕೊಂಡೆ, ಬಿಚ್ಚುವವನು ಮುಂಡರಗಿಯಲ್ಲಿದ್ದಾನಲ್ಲ.

ನವಮಿಯ ಬೆಳಿಗ್ಗೆ ಅಂಗಡಿಯಲ್ಲಿ ಖಂಡೇಪೂಜೆ. ಪಕ್ಕಡ, ಸ್ಕ್ರೂಡ್ರೈವರ್, ಟೆಸ್ಟರ್, ಡ್ರಿಲ್, ಎಲ್ಲವನ್ನೂ ಒರೆಸಿ ಹಲಗೆಯ ಮೇಲೆ ಸಾಲಾಗಿಟ್ಟೆವು. ಕಳಕೇಶ ಬಿಟ್ಟುಹೋದ ಚೀಲದ ಸಾಮಾನನ್ನೂ ಕಾಕಾ ತಾವೇ ತೆಗೆದು ಇಟ್ಟರು. ವಿಭೂತಿ ಹಚ್ಚಿದರು, ನೀರಲ್ಲಿ ಕಲಸಿದ ಕುಂಕುಮ ಹಚ್ಚಿದರು, ಚೆಂಡುಹೂ ಏರಿಸಿದರು. ಪೂಜೆಗೆ ಕೂತ ಸಾಮಾನನ್ನು ಮರುದಿನ ಬನ್ನಿ ಕೊಡುವವರೆಗೆ ಯಾರೂ ಮುಟ್ಟುವಂತಿಲ್ಲ. ಊರೇ ಕತ್ತಲಾದರೂ ಮುಟ್ಟುವಂತಿಲ್ಲ. ಇದನ್ನು ನಮಗೆ ಕಲಿಸಿದವರು ಕಾಕಾನೇ. ಅಂಗಡಿಗೆ ಬೀಗ ಹಾಕಿ ಕೀಲಿಯನ್ನು ಉಡದಾರಕ್ಕೆ ಸಿಕ್ಕಿಸಿಕೊಂಡು ಅವರು ಮನೆಗೆ ಹೋದರು.

ದಶಮಿಯ ಮುಂಜಾನೆ ಮೆಹಬೂಬಿ ಚಾಚಿಯ ಫೋನು.

"ಅನ್ನಪೂರ್ಣಾ, ಜಲ್ದಿ ಬಾರವ್ವ. ಫ್ರಿಜ್ ಹಚ್ಚಿದ್ರ ಗಪ್ಪ ಅಂತ ವಾಸನಿ ಬರಾಕ ಹತ್ತೈತಿ. ನಾ ಬಂದ್ ಮಾಡಿ ಕುಂತೀನಿ."

ಹೋಗಿ ನೋಡಿದರೆ ನಾಲ್ಕೂ ಗೀರು ಸೊಟ್ಟ. ಕಣ್ಣು ಹತ್ತಿರ ಒಯ್ದೆ. ಮೇಲಿನ ಎರಡು ಸ್ಕ್ರೂಗಳ ಗೀರಿನೊಳಗೆ ಕೆಂಪಗೆ ಏನೋ ಅಂಟಿತ್ತು. ಉಗುರಿನಿಂದ ಕೆರೆದೆ, ಬೆರಳಿಗೆ ಬಂತು.

"ಚಾಚಿ, ಇದು ಕುಂಕುಮ."

"ನಮ್ಮ ಮನ್ಯಾಗ ಕುಂಕುಮ ಎಲ್ಲಿಂದ ಬರಬೇಕವ್ವ?"

ಅದೇ ಮಾತು. ಈ ಮನೆಯಲ್ಲಿ ಕುಂಕುಮ ಇಲ್ಲ. ಪೂಜೆಗೆ ಇಟ್ಟ ಸ್ಕ್ರೂಡ್ರೈವರಿನ ತುದಿಯಲ್ಲಿ ಇತ್ತು. ಆ ಸ್ಕ್ರೂಡ್ರೈವರ್ ಬೀಗ ಹಾಕಿದ ಅಂಗಡಿಯಲ್ಲಿತ್ತು. ಬೀಗದ ಕೀಲಿ ಒಂದೇ ಉಡದಾರದಲ್ಲಿತ್ತು.

"ಚಾಚಿ, ನಿನ್ನೆ ಕಾಕಾ ಬಂದಿದ್ರಾ?"

"ಬಂದಿದ್ರಲ್ಲ, ಮಧ್ಯಾಹ್ನ. ನೀ ಮಾಡಿದ ಕೆಲಸ ಒಂದ್ಸಲ ನೋಡಿ ಹೋಗ್ತೀನಂತ ಬಂದಿದ್ರು. ಹಿಂದಕ್ಕೂ ಬಂದಿದ್ರು."

"ಮತ್ತ ಅವತ್ತು ನಾ ಕೇಳಿದಾಗ ಯಾಕ ಹೇಳ್ಲಿಲ್ಲ?"

ಚಾಚಿಗೆ ಕೋಪವೇ ಬಂತು. "ನೀ ಕಳಕೇಶ ಬಂದಿದ್ನಾ ಅಂತ ಕೇಳಿದಿ. ಬಂದಿದ್ದ ಅಂದೆ. ಮಾಲಕರು ಬಂದಿದ್ರಾ ಅಂತ ಎಲ್ಲಿ ಕೇಳಿದಿ? ತಮ್ಮ ಅಂಗಡಿ ಕೆಲಸ ತಾವು ನೋಡೂದು ಸುದ್ದಿ ಏನು?"

ಹೌದು. ನಾನು ಎಲ್ಲ ಕಡೆಯೂ ಒಂದೇ ಹೆಸರು ಹಿಡಿದು ಕೇಳಿದ್ದೆ. ಲಕ್ಷ್ಮೇಶ್ವರದ ಬಟ್ಟೆ ಅಂಗಡಿಗೆ ಅಲ್ಲೇ ನಿಂತು ಫೋನು ಮಾಡಿದೆ. ಅಲ್ಲಿಗೂ ಕಾಕಾ ಹೋಗಿದ್ದರು, ನಾನು ಕೆಲಸ ಮುಗಿಸಿದ ಮರುದಿನವೇ. ಹುಲಕೋಟಿಗೆ ಮಾಡುವ ಧೈರ್ಯ ಬರಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ.

ಮೊದಲು ಬಂದದ್ದು ಸಿಟ್ಟು. ಪತ್ರ ಕೊಡಬಾರದೆಂದು ಮುದುಕ ತಾನೇ ನನ್ನ ಕೆಲಸ ಕೆಡಿಸುತ್ತಿದ್ದಾನೆ, ನನಗೆ ಸುಳ್ಳು ಹೆಸರು ಕಟ್ಟುತ್ತಿದ್ದಾನೆ! ಹಾಗೇ ಆಟೋ ಹತ್ತಿ ಕಾಕಾನ ಮನೆಗೆ ಹೋದೆ. ಅವರು ಹಬ್ಬದ ಹೊಸ ಧೋತರ ಉಟ್ಟು ಕಟ್ಟೆಯ ಮೇಲೆ ಕೂತಿದ್ದರು, ಬನ್ನಿ ತರಲು ಹೊರಟಿದ್ದರು.

"ಕಾಕಾ, ಚಾಚಿ ಮನಿಗೆ ಬರ್ರಿ."

"ಹಬ್ಬದ ದಿನ ಏನವ್ವ..."

"ಪೂಜಿ ಸಾಮಾನು ಹಬ್ಬದ ದಿನ ನೀವು ಮುಟ್ಟಬಹುದು, ನಾ ಕರಿಯಾಕ ಬರಬಾರದೇನು?"

ಅವರು ನನ್ನ ಬೆರಳಿನ ಕೆಂಪು ನೋಡಿದರು. ಮತ್ತೇನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡರು.

ಚಾಚಿಯ ಮನೆಯಲ್ಲಿ ನಾನು ಫೀಜು ಕಿತ್ತು ಕಿಸೆಗೆ ಹಾಕಿಕೊಂಡೆ. ಬೋರ್ಡು ಬಿಚ್ಚಿ, ಜಾರಿದ ತಂತಿಯನ್ನು ಮತ್ತೆ ಪೂರ್ತಿ ಒಳಗೆ ಕೂಡಿಸಿ, ನನ್ನ ಶಕ್ತಿಯಿದ್ದಷ್ಟೂ ಬಿಗಿದೆ.

"ಕಾಕಾ, ಬಿಗಿ ಐತಿಲ್ಲೋ ನೋಡ್ರಿ. ನಿನ್ನೆ ನೋಡಿದಂಗ ನೋಡ್ರಿ."

ಕಾಕಾ ಸ್ಕ್ರೂಡ್ರೈವರ್ ಹಚ್ಚಿ ನೋಡಿದರು, ಸ್ಕ್ರೂ ಅಲುಗಲಿಲ್ಲ. ತಲೆಯಾಡಿಸಿದರು. ಆಮೇಲೆ ತಂತಿಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ದನದ ಹಗ್ಗ ಜಗ್ಗಿದಂತೆ ಜೋರಾಗಿ ಜಗ್ಗಿದರು. ಹಳೆಯ ಕಾಲದಲ್ಲಿ ಇದ್ದದ್ದು ಕರಿ ಸ್ವಿಚ್ಚು, ಹಿತ್ತಾಳೆಯ ದಪ್ಪ ಬಾಯಿ, ಅದರೊಳಗೆ ಕಡ್ಡಿಯಂಥ ಒಂಟಿ ತಂತಿ. ಅದನ್ನು ಹೀಗೆ ಜಗ್ಗಿಯೇ ನೋಡಬೇಕಿತ್ತು. ನಲವತ್ತು ವರ್ಷ ಅವರು ಜಗ್ಗಿದ್ದು ಅದನ್ನೇ. ಇದು ಸಣ್ಣ ಸಣ್ಣ ಎಳೆಗಳ ತಂತಿ. ಹೊರಗಿನ ಎಳೆಗಳು ಸರಕ್ಕನೆ ಜಾರಿ ಬಂದವು, ನಾಲ್ಕೈದು ಮಾತ್ರ ಒಳಗೆ ಉಳಿದವು. ಕಾಕಾನಿಗೆ ಅದು ಕಾಣಲಿಲ್ಲ.

"ಗಟ್ಟಿ ಐತಿ," ಅಂದರು.

ನಾನು ಮೊಬೈಲಿನ ಬೆಳಕು ಬಿಟ್ಟೆ. "ಈಗ ನೋಡ್ರಿ."

ಅವರು ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ, ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಚಾಚಿ ಬಾಗಿಲಲ್ಲಿ ನಿಂತವಳು ಸುಮ್ಮನೆ ಒಳಗೆ ಹೋದಳು.

"ಮೂರೂ ಕಡೆ ನಾನ?" ಎಂದು ಕೇಳಿದರು.

"ಮೂರೂ ಕಡೆ ನೀವ."

ಕಾಕಾ ಅಲ್ಲೇ ಹೊಸ್ತಿಲ ಮೇಲೆ ಕೂತರು. "ಹೆಣ್ಣಿನ ಕೈ, ಸ್ಕ್ರೂ ಸಡ್ಲ ಉಳೀತಾವೋ ಏನೋ ಅಂತ ನನ್ನ ತಲ್ಯಾಗ ಕುಂತಿತ್ತವ್ವ. ಕಳಕೇಶನ ಕೆಲಸ ಒಮ್ಮಿನೂ ತಗದು ನೋಡಿಲ್ಲ. ನೀ ಪತ್ರ ಕೇಳಿದಾಗಿಂದ ನಿಂದ ನೋಡತಿದ್ದೆ. ಲಕ್ಷ್ಮೇಶ್ವರದ್ದು ಸುಟ್ಟಿತು, ನೋಡು ನನ್ನ ಅನುಮಾನ ಖರೆ ಆತು ಅಂದಕೊಂಡೆ. ಆವಾಗಿಂದ ಇನ್ನೂ ಜೋರ್ ಜಗ್ಗಿ ನೋಡಾಕ ಹತ್ತಿದೆ. ನಿನ್ನೆ ಜೀವ ತಡೀಲಿಲ್ಲ, ಒಲಿ ಮುಂದ ಹೆಣ್ಮಗಳು ನಿಂದರ್ತಾಳ, ಏನರ ಆದ್ರ ಅಂತ ಪೂಜಿ ಸಾಮಾನ ಎತ್ಕೊಂಡು ಬಂದೆ."

ನನ್ನ ಸಿಟ್ಟೆಲ್ಲ ಎಲ್ಲಿಗೋ ಹೋಯಿತು. ಉಳಿದದ್ದು ಒಂದೇ.

"ಮತ್ತ ಅವತ್ತು ನಾ ಕಳಕೇಶಗ ಅಂದಾಗ? ಬೋರ್ಡು ಬಿಚ್ಚಿದಾಂವ ನಾ ಅಂತ ಯಾಕ ಅನ್ನಲಿಲ್ಲ?"

"ಅಂದಿದ್ರ ನೀ ನನ್ನ ಮ್ಯಾಲ ಹರಿಹಾಯ್ತಿದ್ದಿ. ಒಂದು ಗಳಿಗಿ ಸುಮ್ನಿದ್ದೆ. ಅಷ್ಟರಾಗ ಅಂವ ಎದ್ದು ಹೋದ." ಅವರ ದನಿ ಇಳಿಯಿತು. "ನಾ ಸುಮ್ನಿದ್ದದ್ದು ತಪ್ಪು. ಆದ್ರ ಅವನ ಹೆಸರು ನಾ ಹೇಳಿಲ್ಲವ್ವ."

ಅದು ನಿಜ. ಹೆಸರು ಹೇಳಿದವಳು ನಾನು. ಹೆಣ್ಣಿನ ಕೈ ಎಂದು ಮುದುಕ ನನ್ನನ್ನು ನಂಬಲಿಲ್ಲ, ಅದಕ್ಕೆ ನನಗೆ ಬೆಂಕಿ ಹತ್ತಿತು. ನಾಲ್ಕು ವರ್ಷ ನನ್ನ ಜೀವ ಕಿಸೆಯಲ್ಲಿಟ್ಟುಕೊಂಡು ನಿಂತವನನ್ನು ನಾನು ಯಾವ ಕಾರಣಕ್ಕೆ ನಂಬಲಿಲ್ಲ? ಒಂದು ಏಣಿಗೆ, ಒಂದು ಲೋಟ ಚಹಾಕ್ಕೆ.

ಅವತ್ತೇ ಸಂಜೆ ಬನ್ನಿ ಕೊಟ್ಟ ಮೇಲೆ ಕಾಕಾ ಅಂಗಡಿ ತೆರೆದು ಎರಡು ಪತ್ರ ಬರೆದರು. ಒಂದು ನನಗೆ. ನಾಲ್ಕು ವರ್ಷ ಕಾದ ಕಾಗದ, ಕೈಗೆ ಬಂದಾಗ ನಾಲ್ಕು ಸಾಲಿನದು. ಇನ್ನೊಂದು ಕಳಕೇಶನಿಗೆ. "ನಾನ ಹೋಗಬೇಕು, ಆದ್ರ ಮೊದಲ ನೀ ಹೋಗು" ಅಂದರು. ಅವನ ಚೀಲಕ್ಕೆ ಸಾಮಾನು ತುಂಬಿ, ಒಂದಿಷ್ಟು ಬನ್ನಿಯೆಲೆ ಇಟ್ಟುಕೊಂಡು ಮರುದಿನ ನಾನು ಮುಂಡರಗಿಯ ಬಸ್ಸು ಹತ್ತಿದೆ.

ಕಳಕೇಶ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಹೊಸ ಮನೆಯಲ್ಲಿ ಒಬ್ಬನೇ ಗೋಡೆಗೆ ಪೈಪು ಹಚ್ಚುತ್ತಿದ್ದ, ತಂತಿಯ ಕೆಲಸ ಇನ್ನೂ ಬಾಕಿಯಿತ್ತು. ನನ್ನನ್ನು ಕಂಡು ಏಣಿ ಇಳಿದ. ನಾನು ಎಲ್ಲ ಹೇಳಿದೆ, ಗೀರಿನಲ್ಲಿನ ಕುಂಕುಮ, ಕಾಕಾ ಜಗ್ಗಿದ್ದು, ಎಲ್ಲ. ಬಸ್ಸಿನಲ್ಲಿ ಬರುತ್ತ ಏನೇನೋ ಹೊಂದಿಸಿಕೊಂಡಿದ್ದೆ, ಬಾಯಿಗೆ ಬಂದದ್ದು ಮಾತ್ರ ಇಷ್ಟು.

"ತಪ್ಪಾತು ಕಳಕೇಶ. ನಿನ್ನ ಮ್ಯಾಲ ಹಂಗ ಅನ್ನಬಾರದಿತ್ತು."

"ಆತು ಬಿಡ್ರಿ," ಅಂದ. "ಆಗ್ತಾವು."

ಬಿಡ್ರಿ. ನಾಲ್ಕು ವರ್ಷದಲ್ಲಿ ಅವನು ನನಗೆ ಒಮ್ಮೆಯೂ ಹಾಗೆ ಮರ್ಯಾದೆ ಕೊಟ್ಟಿರಲಿಲ್ಲ. ಬನ್ನಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ, ಪತ್ರ ಓದಿ ಮಡಚಿ ಕಿಸೆಗಿಟ್ಟ, ಚೀಲ ತೆಗೆದು ಸಾಮಾನು ನೋಡಿದ. ನಾವಿಬ್ಬರೂ ಪರೀಕ್ಷೆಗೆ ಕೂಡಬಹುದು ಅಂದೆ. ಹೂಂ ಅಂದ.

"ಒಬ್ಬನ ಅದಿ. ಬಸ್ಸಿಗೆ ಇನ್ನೂ ಹೊತ್ತೈತಿ. ನಾ ಕೆಳಗ ನಿಂದರ್ತೀನಿ."

"ನಿಂದರ್ರಿ" ಅಂದ.

ಅವನು ಏಣಿ ಹತ್ತಿದ. ನಾನು ಮೀಟರಿನ ಹತ್ತಿರ ಹೋಗಿ ಫೀಜು ಕಿತ್ತೆ, ಅಂಗಿಯ ಕಿಸೆಗೆ ಹಾಕಿಕೊಂಡೆ, ಓಡಿಬಂದು ಏಣಿಯ ಕೆಳಗೆ ನಿಂತು ಹೇಳಿದೆ.

"ಫೀಜು ನನ್ನ ಕಿಸೇದಾಗ ಐತಿ."

ಅವನ ಕೈ ತಂತಿಯ ಕಡೆ ಹೋಯಿತು, ನಿಂತಿತು. ಇನ್ನೊಂದು ಕೈಯಿಂದ ಚೀಲದಲ್ಲಿ ಹುಡುಕಿ ಟೆಸ್ಟರ್ ತೆಗೆದ. ಅದರ ಹಿಡಿಯ ಮೇಲೆ ಕಾಕಾ ಹಚ್ಚಿದ ಕುಂಕುಮ ಇನ್ನೂ ಇತ್ತು. ಒಂದು ತಂತಿಗೆ ಹಚ್ಚಿ ನೋಡಿದ, ದೀಪ ಹತ್ತಲಿಲ್ಲ. ಎರಡನೆಯದಕ್ಕೂ ಹಚ್ಚಿದ. ನನ್ನ ಕಡೆ ನೋಡಲಿಲ್ಲ.

ಸರಿಯಾದ ಪದ್ಧತಿ ಅದೇ. ಪರೀಕ್ಷೆಯಲ್ಲಿ ಕೇಳಿದರೆ ನಾನೂ ಅದನ್ನೇ ಬರೆಯಬೇಕು. ಅವನು ಮೂರನೆಯ ತಂತಿಯನ್ನೂ ನೋಡಿ ಮುಗಿಸುವವರೆಗೆ ನಾನು ಕಿಸೆಯೊಳಗೆ ಫೀಜನ್ನು ಗಟ್ಟಿಯಾಗಿ ಹಿಡಿದುಕೊಂಡು ಕೆಳಗೆ ನಿಂತಿದ್ದೆ.